ಅಗೆದ ಬಾವಿಯನ್ನೇ ಅಗೆಯುವುದೇಕೆ?

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಕಾಲೇಜಿನ ಬಿ.ಎಸ್‌ಸಿ. ತರಗತಿಯ ಆರು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಬೀದರದಿಂದ ಔರಾದ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಅಲ್ಲಿಯ ಬಾವಿಗಳ ನೀರಿನಲ್ಲಿ ನೈಟ್ರೇಟು ಎಷ್ಟಿದೆಯೆಂದು ಅಳೆಯುವುದು ನಮ್ಮ ಉದ್ದೇಶವಾಗಿತ್ತು. ನೀರಿಗೆ ತಕ್ಕ ರಾಸಾಯನಿಕವನ್ನು ಬೆರೆಸಿದರೆ ಬಣ್ಣ ಮೂಡುತ್ತದೆ. ಬಣ್ಣ ಗಾಢವಾದಷ್ಟೂ ಅದು ಹೆಚ್ಚು ಬೆಳಕನ್ನು ಹೀರುತ್ತದೆ. ಹೀರಿದ ಬೆಳಕನ್ನು ಅಳೆದರೆ ನೈಟ್ರೇಟಿನ ಪ್ರಮಾಣ ತಿಳಿಯುತ್ತದೆ. ಬೆಳಕನ್ನು ಅಳೆಯುವ ಪುಟ್ಟ ಉಪಕರಣವನ್ನು ವಿದ್ಯಾರ್ಥಿಗಳೇ ಪ್ರಯೋಗಶಾಲೆಯಲ್ಲಿ ಜೋಡಿಸಿದ್ದರು. ಅದನ್ನು ಊರ ಬಾವಿಯ ಬಳಿ ನಿಲ್ಲಿಸಿ ನೋಡಬೇಕೆಂಬ ಉತ್ಸಾಹ ಅವರಿಗಿಂತ ನನಗೇ ಹೆಚ್ಚಾಗಿತ್ತೆಂದರೆ ಸುಳ್ಳಲ್ಲ.

ಬಾವಿಯ ಕಟ್ಟೆಯ ಹತ್ತಿರದ ಮನೆಯಿಂದ ಮುದುಕಿಯೊಬ್ಬಳು ಹೊರಗೆ ಬಂದಳು. ಸೀಸೆಗಳನ್ನು ನೋಡಿ, “ನೀವೂ ನೀರ್ ಒಯ್ಯಾಕ ಬಂದೀರೇನ್ರಿ ಮಾಸ್ತರ್ರ? ಹೋದ ವರ್ಸ ಇಬ್ಬರು ಬಂದಿದ್ರು. ಅದಕ್ಕ ಮುಂಚೆನೂ ಯಾರೋ ಬಂದಿದ್ರು. ಬಾಟ್ಲಿ ತುಂಬ್ಕೊಂಡು ಹೋದ್ರು. ನೀರ್ ಚಲೋ ಅದಾವೋ ಇಲ್ಲೋ ಅಂತ ಒಬ್ಬರೂ ಹೊಳ್ಳಿ ಬಂದು ಹೇಳಲಿಲ್ಲ” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೊದಲು ಬಂದವರಿಗೆ ನೀವು ಕೇಳಿಲ್ಲೇನು?” ಎಂದು ಸೇರಿಸಿದಳು. ಅವಳ ಹಿಂದೆ ನಡುಮನೆಯಲ್ಲಿ ತೊಟ್ಟಿಲು ತೂಗುತ್ತಿತ್ತು.

ನಾನು ಕೇಳಿರಲಿಲ್ಲ. ಮೊದಲು ಬಂದವರು ಯಾರು, ಏನನ್ನು ಅಳೆದರು, ಏನು ಕಂಡರು ಎಂಬುದನ್ನು ತಿಳಿಯುವ ಗೊಡವೆಗೇ ಹೋಗಿರಲಿಲ್ಲ. ಹದಿನೈದು ವರ್ಷ ವಿಜ್ಞಾನವನ್ನು ಓದಿ, ಕಲಿಸಿದವನಿಗೆ ಅಕ್ಷರ ಬಾರದ ಹೆಂಗಸು ಸಂಶೋಧನೆಯ ಮೊದಲ ಪಾಠವನ್ನು ಹೇಳಿಕೊಟ್ಟಳು. ಆ ಪಾಠಕ್ಕೆ ಈಗ ವಿಜ್ಞಾನ ಲೋಕದಲ್ಲಿ ಒಂದು ಹೆಸರುಂಟು, ಒಂದು ಪದ್ಧತಿಯುಂಟು, ಸಾಕಷ್ಟು ನೋವಿನ ಇತಿಹಾಸವೂ ಉಂಟು. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹಳೆಯದನ್ನು ಜೀರ್ಣಿಸಿಕೊಳ್ಳುವ ಕೆಲಸ

೧೮೮೪ರಲ್ಲಿ ಬ್ರಿಟಿಷ್ ವಿಜ್ಞಾನ ಸಂಘದ ಅಧಿವೇಶನ ಕೆನಡದ ಮಾಂಟ್ರಿಯಲ್ ನಗರದಲ್ಲಿ ನಡೆಯಿತು. ಅಧ್ಯಕ್ಷರಾಗಿದ್ದವರು ಪ್ರಸಿದ್ಧ ಭೌತವಿಜ್ಞಾನಿ ಲಾರ್ಡ್ ರೇಲಿ. ವಿಜ್ಞಾನವೆಂದರೆ ಬರಿಯ ಸಂಗತಿಗಳ ಸಂಗ್ರಹವಾದರೆ ಅದು ತನ್ನ ಭಾರಕ್ಕೆ ತಾನೇ ಕುಸಿದೀತು. ಹೊಸದನ್ನು ಪಡೆಯುವುದರ ಜೊತೆಗೆ ಹಳೆಯದನ್ನು ಜೀರ್ಣಿಸಿಕೊಳ್ಳುವ ಕೆಲಸವೂ ನಡೆಯಬೇಕು ಎಂಬುದು ಅವರ ಭಾಷಣದ ಒಂದು ಮುಖ್ಯ ಅಭಿಪ್ರಾಯವಾಗಿತ್ತು.

ಹತ್ತು ವರ್ಷಗಳ ಅನಂತರ ಅವರ ಸ್ವಂತ ಕೆಲಸವೇ ಇದಕ್ಕೆ ನಿದರ್ಶನವಾಯಿತು. ಗಾಳಿಯಿಂದ ಪಡೆದ ನೈಟ್ರೊಜನ್ ಅನಿಲವು ರಾಸಾಯನಿಕಗಳಿಂದ ಪಡೆದ ನೈಟ್ರೊಜನ್ನಿಗಿಂತ ತುಸು ಭಾರವಾಗಿರುವುದನ್ನು ಅವರು ಕಂಡಿದ್ದರು. ಕಾರಣವನ್ನು ಹುಡುಕುವಾಗ ಕ್ಯಾವೆಂಡಿಷ್ ೧೭೮೫ರಲ್ಲಿ ಮಾಡಿದ ಪ್ರಯೋಗವೊಂದು ಬೆಳಕಿಗೆ ಬಂತು. ಗಾಳಿಯಲ್ಲಿಯ ನೈಟ್ರೊಜನ್ನನ್ನೆಲ್ಲ ವಿದ್ಯುತ್ ಕಿಡಿಗಳಿಂದ ಆಮ್ಲಜನಕದೊಡನೆ ಕೂಡಿಸಿ ತೆಗೆದರೂ ಒಂದು ಸಣ್ಣ ಗುಳ್ಳೆ ಉಳಿಯುತ್ತದೆ, ಅದು ನೈಟ್ರೊಜನ್ನಿನ ೧೨೦ನೆಯ ಒಂದು ಭಾಗಕ್ಕಿಂತ ಹೆಚ್ಚಿಲ್ಲ ಎಂದು ಕ್ಯಾವೆಂಡಿಷ್ ಬರೆದಿಟ್ಟಿದ್ದ. ಆ ಗುಳ್ಳೆಯೇ ಆರ್ಗಾನ್. ಅದು ನೂರಕ್ಕೂ ಹೆಚ್ಚು ವರ್ಷ ಗ್ರಂಥಭಂಡಾರದಲ್ಲಿ ನಿದ್ರಿಸುತ್ತಿತ್ತು. ೧೮೯೪ರಲ್ಲಿ ರೇಲಿ ಮತ್ತು ರ‍್ಯಾಮ್ಸೆ ಅದನ್ನು ಹೊಸ ಮೂಲವಸ್ತುವೆಂದು ಜಗತ್ತಿಗೆ ತೋರಿಸಿಕೊಟ್ಟರು.

೧೯೦೪ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟವರು ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್. ದಕ್ಷಿಣ ಆಫ್ರಿಕ ಮತ್ತು ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಿಗೆ ವಿಷಮಶೀತಜ್ವರದ ವಿರುದ್ಧ ಚುಚ್ಚುಮದ್ದು ಹಾಕಲಾಗಿತ್ತು. ಅದರಿಂದ ಗುಣವಾಯಿತೇ ಎಂಬ ಬಗ್ಗೆ ಬೇರೆ ಬೇರೆ ತುಕಡಿಗಳಿಂದ ಬಂದ ಅಂಕಿಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಒಂದೊಂದೂ ಸಣ್ಣದಾಗಿದ್ದುದರಿಂದ ಪಿಯರ್ಸನ್ ಅವನ್ನು ಒಟ್ಟುಗೂಡಿಸಿ ತೂಗಿ ನೋಡಿದರು. ಇದ್ದ ಪುರಾವೆ ದುರ್ಬಲ, ಅಸಮ ಎಂದು ಅವರಿಗೆ ಕಂಡಿತು. ಆದರೆ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಚುಚ್ಚುಮದ್ದಿಗೆ ಒಪ್ಪಿ ಮುಂದೆ ಬಂದ ಎಲ್ಲರ ಹೆಸರನ್ನೂ ಬರೆದುಕೊಂಡು, ಒಬ್ಬರನ್ನು ಬಿಟ್ಟು ಒಬ್ಬರಿಗೆ ಮಾತ್ರ ಚುಚ್ಚಿ, ಎರಡು ಗುಂಪುಗಳನ್ನೂ ಹೋಲಿಸಿ ನೋಡಬೇಕೆಂದು ಸೂಚಿಸಿದರು. ಹಳೆಯ ಅಧ್ಯಯನಗಳನ್ನು ಕೂಡಿಸಿ ತೂಗಿದುದರಿಂದಲೇ ಹೊಸ ಅಧ್ಯಯನ ಹೇಗಿರಬೇಕೆಂಬುದು ಹೊರಟಿತೆಂಬುದನ್ನು ಗಮನಿಸಬೇಕು.

ಕ್ರಮಬದ್ಧ ಪರಾಮರ್ಶೆ ಎಂದರೇನು?

ಸಂಶೋಧಕರು ತಮ್ಮ ಪ್ರಬಂಧದ ಮೊದಲಲ್ಲಿ ಹಿಂದಿನವರ ಕೆಲಸವನ್ನು ಹೇಳುವುದು ಹೊಸದೇನಲ್ಲ. ಆದರೆ ಅಲ್ಲಿ ಕಾಣುವುದು ಬಹುಮಟ್ಟಿಗೆ ನೆನಪಿಗೆ ಬಂದ ಹೆಸರುಗಳು, ಕೈಗೆ ಸಿಕ್ಕ ಪತ್ರಿಕೆಗಳು, ತಮ್ಮ ಅಭಿಪ್ರಾಯಕ್ಕೆ ಒಪ್ಪುವ ಫಲಿತಾಂಶಗಳು. ಬೀದರದ ಗಾಂಧಿಗಂಜಿನಲ್ಲಿ ತೊಗರಿ ಕೊಳ್ಳುವ ವ್ಯಾಪಾರಿ ಚೀಲದ ಬಾಯಲ್ಲಿರುವ ಒಂದು ಹಿಡಿ ಕಾಳನ್ನು ನೋಡಿ ಬೆಲೆ ಕಟ್ಟುವುದಿಲ್ಲ. ಚೂಪಾದ ಕೊಳವೆಯನ್ನು ಚೀಲದ ಹೊಟ್ಟೆಗೂ ತಳಕ್ಕೂ ಚುಚ್ಚಿ ಕಾಳು ತೆಗೆದು ನೋಡುತ್ತಾನೆ. ಒಂದು ಚೀಲವನ್ನಲ್ಲ, ಹಲವು ಚೀಲಗಳನ್ನು. ವಿಜ್ಞಾನಿಗಳು ತಮ್ಮ ಪೂರ್ವಿಕರ ಕೆಲಸದ ವಿಷಯದಲ್ಲಿ ಈ ವ್ಯಾಪಾರಿಯಷ್ಟು ಎಚ್ಚರ ತೋರಿಸಲು ಬಹಳ ಕಾಲ ಹಿಡಿಯಿತು.

ಕ್ರಮಬದ್ಧ ಪರಾಮರ್ಶೆಯಲ್ಲಿ ಮೊದಲು ಪ್ರಶ್ನೆಯನ್ನು ಬರೆದಿಡಬೇಕು: ಯಾರಲ್ಲಿ, ಯಾವ ಉಪಾಯವನ್ನು, ಯಾವುದರೊಡನೆ ಹೋಲಿಸಿ, ಯಾವ ಫಲವನ್ನು ನೋಡುತ್ತೇವೆ? ಎರಡನೆಯದಾಗಿ, ಆ ಪ್ರಶ್ನೆಯ ಬಗ್ಗೆ ನಡೆದಿರುವ ಎಲ್ಲ ಅಧ್ಯಯನಗಳನ್ನೂ ಹುಡುಕಬೇಕು. ಹಳೆಯದೆಂದು, ಪರಭಾಷೆಯದೆಂದು, ಅಚ್ಚಾಗಲಿಲ್ಲವೆಂದು ಬಿಡಬಾರದು. ಮೂರನೆಯದಾಗಿ, ಮೊದಲೇ ಗೊತ್ತುಮಾಡಿದ ನಿಯಮದಂತೆ ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಇಬ್ಬರು ಬೇರೆ ಬೇರೆಯಾಗಿ ನಿರ್ಧರಿಸಿ ತಾಳೆ ನೋಡಬೇಕು. ನಾಲ್ಕನೆಯದಾಗಿ, ಪ್ರತಿಯೊಂದು ಅಧ್ಯಯನವೂ ಎಷ್ಟು ನಂಬಿಕೆಗೆ ಅರ್ಹವೆಂಬುದನ್ನು ಪರೀಕ್ಷಿಸಬೇಕು. ಕೊನೆಯದಾಗಿ, ಸಾಧ್ಯವಾದಲ್ಲಿ ಅಂಕಿಗಳನ್ನು ಕೂಡಿಸಬೇಕು. ಈ ಕೂಡಿಸುವಿಕೆಗೆ ಸಮಗ್ರ ವಿಶ್ಲೇಷಣೆ ಎನ್ನಬಹುದು. ಅದಕ್ಕೆ ಇಂಗ್ಲಿಷಿನಲ್ಲಿ ‘ಮೆಟಾ ಅನಾಲಿಸಿಸ್’ ಎಂಬ ಹೆಸರನ್ನು ೧೯೭೬ರಲ್ಲಿ ಅಮೆರಿಕದ ಜೀನ್ ಗ್ಲಾಸ್ ಇಟ್ಟರು.

ಇದು ಸುಮ್ಮನೆ ಸರಾಸರಿ ತೆಗೆದಂತಲ್ಲ. ತರಗತಿಯಲ್ಲಿ ಆರು ಮಂದಿ ಲೋಲಕದಿಂದ ಗುರುತ್ವದ ವೇಗೋತ್ಕರ್ಷವನ್ನು ಅಳೆಯುತ್ತಾರೆನ್ನಿ. ಒಬ್ಬನು ಹತ್ತು ಆಂದೋಲನಗಳನ್ನು ಎಣಿಸುತ್ತಾನೆ, ಇನ್ನೊಬ್ಬಳು ಇನ್ನೂರನ್ನು ಎಣಿಸುತ್ತಾಳೆ. ಇಬ್ಬರ ಉತ್ತರಕ್ಕೂ ಒಂದೇ ತೂಕ ಕೊಡುವುದು ನ್ಯಾಯವಲ್ಲ. ಯಾರ ಅಳತೆಯಲ್ಲಿ ಅನಿಶ್ಚಯತೆ ಕಡಿಮೆಯೋ ಅವರ ಮಾತಿಗೆ ಹೆಚ್ಚು ತೂಕ. ಸಮಗ್ರ ವಿಶ್ಲೇಷಣೆಯ ಗಣಿತದ ತಿರುಳು ಇಷ್ಟೇ.

ಕೂಡಿಸದಿದ್ದುದರ ಬೆಲೆ

ಹೃದಯಾಘಾತವಾದಾಗ ಹೃದಯಕ್ಕೆ ರಕ್ತ ಒಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರುತ್ತದೆ. ಆ ಹೆಪ್ಪನ್ನು ಕರಗಿಸುವ ಔಷಧಗಳಲ್ಲಿ ಸ್ಟ್ರೆಪ್ಟೊಕೈನೇಸ್ ಒಂದು. ೧೯೫೯ರಿಂದ ೧೯೮೮ರ ವರೆಗೆ ಇದರ ಬಗ್ಗೆ ೩೩ ಪ್ರಯೋಗಗಳು ನಡೆದವು. ೧೯೯೨ರಲ್ಲಿ ಅಮೆರಿಕದ ವಿಜ್ಞಾನಿಗಳು ಅವನ್ನೆಲ್ಲ ಕಾಲಾನುಕ್ರಮದಲ್ಲಿ ಜೋಡಿಸಿ, ಒಂದೊಂದು ಪ್ರಯೋಗ ಸೇರಿದಾಗಲೂ ಮೊತ್ತದ ಉತ್ತರ ಏನಾಗುತ್ತಿತ್ತು ಎಂದು ಲೆಕ್ಕ ಹಾಕಿದರು. ೧೯೭೩ರ ಹೊತ್ತಿಗೆ, ಎಂಟು ಪ್ರಯೋಗಗಳಲ್ಲಿ ೨,೪೩೨ ರೋಗಿಗಳು ಸೇರಿದ್ದಾಗಲೇ, ಔಷಧವು ಸಾವನ್ನು ತಗ್ಗಿಸುತ್ತದೆಂಬುದು ಸ್ಪಷ್ಟವಾಗಿತ್ತು! ಅನಂತರದ ೨೫ ಪ್ರಯೋಗಗಳಲ್ಲಿ ಇನ್ನೂ ೩೪,೫೪೨ ರೋಗಿಗಳು ಸೇರಿದರು. ಉತ್ತರ ಹೆಚ್ಚುಕಡಿಮೆ ಅದೇ ಆಗಿ ಉಳಿಯಿತು.

ಈ ಸಂಖ್ಯೆಯ ಅರ್ಥವೇನೆಂದು ಯೋಚಿಸೋಣ. ಪ್ರಯೋಗದಲ್ಲಿ ಒಂದು ಗುಂಪಿಗೆ ಔಷಧ ಕೊಡುತ್ತಾರೆ, ಇನ್ನೊಂದಕ್ಕೆ ಕೊಡುವುದಿಲ್ಲ. ಉತ್ತರ ಗೊತ್ತಿಲ್ಲದಿದ್ದಾಗ ಇದು ನ್ಯಾಯ. ಏಕೆಂದರೆ ಯಾವ ಗುಂಪು ಅದೃಷ್ಟವಂತವೆಂದು ಯಾರಿಗೂ ತಿಳಿಯದು. ಉತ್ತರವು ಹಳೆಯ ಪತ್ರಿಕೆಗಳಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿರುವಾಗ, ಅದನ್ನು ಯಾರೂ ಕೂಡಿಸಿ ನೋಡಲಿಲ್ಲವೆಂಬ ಒಂದೇ ಕಾರಣಕ್ಕೆ ಸಾವಿರಾರು ರೋಗಿಗಳಿಗೆ ಔಷಧವನ್ನು ತಪ್ಪಿಸಿದರೆ ಅದನ್ನು ನ್ಯಾಯವೆನ್ನಲಾಗದು. ಇಲ್ಲಿ ಯಾವ ವೈದ್ಯರೂ ಕೇಡನ್ನು ಬಯಸಿದವರಲ್ಲ. ಪ್ರತಿಯೊಬ್ಬರೂ ತಮ್ಮ ಪ್ರಯೋಗವನ್ನು ಪ್ರಾಮಾಣಿಕವಾಗಿ ಮಾಡಿದರು. ಕೊರತೆ ಇದ್ದುದು ಲೆಕ್ಕದ ಪುಸ್ತಕದಲ್ಲಿ.

ಇನ್ನೊಂದು ನಿದರ್ಶನ ಇದಕ್ಕಿಂತ ಕಠೋರವಾದುದು. ೨೦೦೧ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಉಬ್ಬಸವನ್ನು ಕುರಿತ ಪ್ರಯೋಗಕ್ಕೆ ಆರೋಗ್ಯವಂತ ಸ್ವಯಂಸೇವಕರಿಗೆ ಹೆಕ್ಸಾಮೆಥೋನಿಯಮ್ ಎಂಬ ವಸ್ತುವನ್ನು ಉಸಿರಿನ ಮೂಲಕ ಕೊಡಲಾಯಿತು. ೨೪ ವರ್ಷದ ತರುಣಿಯೊಬ್ಬಳು ಶ್ವಾಸಕೋಶ ಹಾಳಾಗಿ ತೀರಿಕೊಂಡಳು. ಈ ವಸ್ತು ಶ್ವಾಸಕೋಶಕ್ಕೆ ಅಪಾಯಕರವಾಗಬಹುದೆಂದು ೧೯೫೦ರ ದಶಕದ ವೈದ್ಯಕೀಯ ಪತ್ರಿಕೆಗಳು ವರದಿ ಮಾಡಿದ್ದವು. ಪ್ರಯೋಗಕ್ಕೆ ಮುನ್ನ ಹುಡುಕಾಟ ನಡೆದಿತ್ತು. ಆದರೆ ಹುಡುಕಿದ ಗಣಕಸೂಚಿ ೧೯೬೬ರಿಂದ ಈಚಿನ ಲೇಖನಗಳನ್ನು ಮಾತ್ರ ಒಳಗೊಂಡಿತ್ತು. ಅದಕ್ಕೂ ಹಿಂದಿನವು ಕಪಾಟಿನಲ್ಲೇ ಉಳಿದವು.

ಇವು ಅಪರೂಪದ ಪ್ರಮಾದಗಳೇ? ಅಲ್ಲವೆನ್ನುತ್ತದೆ ೨೦೧೧ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಕಾರೆನ್ ರಾಬಿನ್ಸನ್ ಮತ್ತು ಸ್ಟೀವನ್ ಗುಡ್‌ಮನ್ ೧,೫೨೩ ವೈದ್ಯಕೀಯ ಪ್ರಯೋಗಗಳ ವರದಿಗಳನ್ನು ಪರೀಕ್ಷಿಸಿ, ಅವು ತಮಗಿಂತ ಹಿಂದಿನ ಪ್ರಯೋಗಗಳಲ್ಲಿ ಎಷ್ಟನ್ನು ಹೆಸರಿಸಿವೆಯೆಂದು ನೋಡಿದರು. ಸಾಮಾನ್ಯವಾಗಿ ಕಾಲುಭಾಗಕ್ಕಿಂತಲೂ ಕಡಿಮೆ! ಹಿಂದೆ ಎಷ್ಟೇ ಪ್ರಯೋಗಗಳು ನಡೆದಿರಲಿ, ಉಲ್ಲೇಖಗೊಳ್ಳುತ್ತಿದ್ದುದು ಎರಡರ ಆಸುಪಾಸು.

ನಮ್ಮ ಬೆಳಗಾವಿಯಿಂದ ಒಂದು ಪಾಠ

ಪರಾಮರ್ಶೆಯು ಮುಗಿದ ಪ್ರಶ್ನೆಯನ್ನು ಮುಚ್ಚುವುದಕ್ಕೆ ಮಾತ್ರವಲ್ಲ, ಮುಗಿಯದ ಪ್ರಶ್ನೆಯನ್ನು ತೆರೆದು ತೋರಿಸುವುದಕ್ಕೂ ಬೇಕು. ಇದಕ್ಕೆ ನಿದರ್ಶನ ನಮ್ಮ ನಾಡಿನಲ್ಲೇ ಉಂಟು.

ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಉಸಿರಾಡುವುದೇ ದೊಡ್ಡ ಕಷ್ಟ. ಶ್ವಾಸಕೋಶದಲ್ಲಿ ಅತಿ ಸಣ್ಣ ಗಾಳಿಚೀಲಗಳು ಲಕ್ಷಗಟ್ಟಲೆ ಇವೆ. ಅವುಗಳ ಒಳಮೈ ಒದ್ದೆ. ಸಾಬೂನಿನ ಗುಳ್ಳೆಯಂತೆ ಇಲ್ಲಿಯೂ ಮೇಲ್ಮೈ ಸೆಳೆತವು ಚೀಲವನ್ನು ಕುಗ್ಗಿಸಲು ನೋಡುತ್ತದೆ. ಗುಳ್ಳೆ ಚಿಕ್ಕದಾದಷ್ಟೂ ಒತ್ತಡ ಹೆಚ್ಚು. ತುಂಬುತಿಂಗಳ ಮಗುವಿನ ಶ್ವಾಸಕೋಶದಲ್ಲಿ ಈ ಸೆಳೆತವನ್ನು ತಗ್ಗಿಸುವ ಜಿಡ್ಡಿನಂಥ ಪದಾರ್ಥವೊಂದು ಇರುತ್ತದೆ. ಬೇಗ ಹುಟ್ಟಿದ ಮಗುವಿನಲ್ಲಿ ಅದು ಸಾಕಷ್ಟಿರುವುದಿಲ್ಲ; ಒಂದೊಂದು ಉಸಿರಿಗೂ ಮುದುರಿದ ಚೀಲಗಳನ್ನು ಬಿಡಿಸಬೇಕಾಗುತ್ತದೆ. ನ್ಯೂಜಿಲೆಂಡಿನ ಲಿಗಿನ್ಸ್ ಎಂಬ ವೈದ್ಯರು ಕುರಿಗಳ ಮೇಲೆ ಪ್ರಯೋಗ ಮಾಡುವಾಗ, ತಾಯಿಯ ಗರ್ಭದಲ್ಲಿ ಸ್ಟೆರಾಯ್ಡ್ ಪಡೆದ ಮರಿಗಳು ಬೇಗ ಹುಟ್ಟಿದರೂ ಉಸಿರಾಡುವುದನ್ನು ಕಂಡರು. ೧೯೭೨ರಲ್ಲಿ ಅವರೂ ಹೋವಿಯವರೂ ಗರ್ಭಿಣಿಯರಲ್ಲಿ ನಡೆಸಿದ ಮೊದಲ ಪ್ರಯೋಗದ ಫಲವನ್ನು ಪ್ರಕಟಿಸಿದರು. ಅಗ್ಗದ ಚುಚ್ಚುಮದ್ದಿನಿಂದ ಶಿಶುಮರಣ ಕಡಿಮೆಯಾಗುವ ಸೂಚನೆ ಅದರಲ್ಲಿತ್ತು.

ಮುಂದೆ ಹಲವು ಪ್ರಯೋಗಗಳು ನಡೆದವು. ಕೆಲವು ಗುಣ ತೋರಿಸಿದವು. ಕೆಲವು ಸಣ್ಣವಾದ್ದರಿಂದ ಏನನ್ನೂ ಖಚಿತವಾಗಿ ಹೇಳಲಿಲ್ಲ. ಅವನ್ನು ಕೂಡಿಸಿದಾಗ ಸಂದೇಹ ಉಳಿಯಲಿಲ್ಲ. ಆದರೂ ವೈದ್ಯರಲ್ಲಿ ಇದರ ಬಳಕೆ ನಿಧಾನವಾಗಿತ್ತು. ೧೯೯೪ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ತಜ್ಞರ ಸಭೆ ಇದನ್ನು ಶಿಫಾರಸು ಮಾಡಿತು. ವೈದ್ಯಕೀಯ ಜ್ಞಾನವನ್ನು ಹೀಗೆ ಕೂಡಿಸಿಡುವುದಿಲ್ಲವೆಂದು ೧೯೭೯ರಲ್ಲಿ ತಮ್ಮ ವೃತ್ತಿಬಾಂಧವರನ್ನು ಗದರಿದವರು ಬ್ರಿಟನ್ನಿನ ಆರ್ಚಿ ಕಾಕ್ರೇನ್. ೧೯೯೩ರಲ್ಲಿ ಅವರ ಹೆಸರಿನಲ್ಲಿ ಸ್ಥಾಪನೆಯಾದ ಕಾಕ್ರೇನ್ ಸಂಸ್ಥೆಯ ಲಾಂಛನದಲ್ಲಿ ಈ ಸ್ಟೆರಾಯ್ಡ್ ಪ್ರಯೋಗಗಳ ಪೈಕಿ ಏಳರ ಫಲಿತಾಂಶವೇ ಗೆರೆಗಳಾಗಿ ನಿಂತಿದೆ.

ಹಾಗಾದರೆ ಪ್ರಶ್ನೆ ಮುಗಿಯಿತೇ? ೨೦೦೬ರ ಕಾಕ್ರೇನ್ ಪರಾಮರ್ಶೆಯಲ್ಲಿ ೨೧ ಪ್ರಯೋಗಗಳಿದ್ದವು. ನವಜಾತ ಶಿಶುಗಳ ಸಾವು ಸುಮಾರು ಶೇಕಡಾ ೩೧ರಷ್ಟು ತಗ್ಗಿತ್ತು. ಆದರೆ ಪರಾಮರ್ಶೆಯನ್ನು ಎಚ್ಚರದಿಂದ ಓದಿದವರಿಗೆ ಇನ್ನೊಂದು ಸಂಗತಿ ಕಾಣುತ್ತಿತ್ತು: ಈ ಪ್ರಯೋಗಗಳು ಬಹುಮಟ್ಟಿಗೆ ಶ್ರೀಮಂತ ದೇಶಗಳ ಸುಸಜ್ಜಿತ ಆಸ್ಪತ್ರೆಗಳಲ್ಲಿ ನಡೆದವು. ಗರ್ಭಕ್ಕೆ ಎಷ್ಟು ವಾರವಾಗಿದೆಯೆಂಬುದೇ ಖಚಿತವಿಲ್ಲದ, ಕೂಸನ್ನು ಬೆಚ್ಚಗಿಡುವ ಸೌಕರ್ಯವೂ ಇಲ್ಲದ ಹಳ್ಳಿಯಲ್ಲಿ ಇದೇ ಫಲ ದೊರೆತೀತೇ? ಇದಕ್ಕೆ ಉತ್ತರ ಆ ೨೧ರಲ್ಲಿ ಇರಲಿಲ್ಲ. ಹೊಸ ಅಧ್ಯಯನಕ್ಕೆ ಸಮರ್ಥನೆ ದೊರೆತುದು ಇಲ್ಲಿ.

೨೦೧೧ರಿಂದ ೨೦೧೪ರ ವರೆಗೆ ಆರು ದೇಶಗಳಲ್ಲಿ ದೊಡ್ಡ ಪ್ರಯೋಗವೊಂದು ನಡೆಯಿತು. ಭಾರತದಲ್ಲಿ ಅದು ನಡೆದ ಎಡೆಗಳಲ್ಲಿ ನಮ್ಮ ಬೆಳಗಾವಿ ಒಂದು. ಅಲ್ಲಿಯ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯದವರು ಪಾಲುಗೊಂಡಿದ್ದರು. ಕೆಲವು ಗ್ರಾಮಸಮೂಹಗಳಲ್ಲಿ ಸ್ಟೆರಾಯ್ಡ್ ಬಳಕೆಯನ್ನು ಹೆಚ್ಚಿಸುವ ಏರ್ಪಾಡು ಮಾಡಿ, ಉಳಿದವುಗಳಲ್ಲಿ ಎಂದಿನ ಆರೈಕೆಯನ್ನೇ ಮುಂದುವರಿಸಲಾಯಿತು. ೯೮,೦೦೦ಕ್ಕೂ ಹೆಚ್ಚು ಜೀವಂತ ಜನನಗಳ ಲೆಕ್ಕ ದೊರೆಯಿತು. ೨೦೧೫ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಅತಿ ಕಡಿಮೆ ತೂಕದ ಕೂಸುಗಳಿಗೆ ಪ್ರಯೋಜನ ಕಾಣಲಿಲ್ಲ. ಒಟ್ಟು ಕೂಸುಗಳಲ್ಲಿ ಸಾವಿರಕ್ಕೆ ೨೩.೯ರಷ್ಟಿದ್ದ ನವಜಾತ ಶಿಶುಮರಣ, ಸ್ಟೆರಾಯ್ಡ್ ಹೆಚ್ಚಿಸಿದ ಕಡೆ ೨೭.೪ ಆಗಿತ್ತು!

ನಾಲ್ಕು ದಶಕಗಳ ವಿಜ್ಞಾನ ಸುಳ್ಳಾಯಿತೇ? ಇಲ್ಲ. ಎರಡೂ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮುಂದಿನ ಪ್ರಶ್ನೆ ಹುಟ್ಟಿತು: ಬಡ ದೇಶದಲ್ಲೇ, ಆದರೆ ಗರ್ಭದ ವಯಸ್ಸನ್ನು ಸರಿಯಾಗಿ ತಿಳಿದು, ತಾಯಿಗೂ ಕೂಸಿಗೂ ತಕ್ಕ ಆರೈಕೆ ಸಿಗುವ ಆಸ್ಪತ್ರೆಯಲ್ಲಿ ಕೊಟ್ಟರೆ? ವಿಶ್ವ ಆರೋಗ್ಯ ಸಂಸ್ಥೆಯು ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಕೀನ್ಯ ಮತ್ತು ನೈಜೀರಿಯಗಳ ೨೯ ಆಸ್ಪತ್ರೆಗಳಲ್ಲಿ ೨,೮೫೨ ಗರ್ಭಿಣಿಯರ ಪ್ರಯೋಗವನ್ನು ನಡೆಸಿತು. ಬೆಳಗಾವಿಯ ಸಂಶೋಧಕರು ಇದರಲ್ಲಿಯೂ ಇದ್ದರು. ೨೦೨೦ರಲ್ಲಿ ಉತ್ತರ ಬಂತು: ಸ್ಟೆರಾಯ್ಡ್ ಪಡೆದವರ ಕೂಸುಗಳಲ್ಲಿ ಸಾವು ಶೇಕಡಾ ೧೯.೬, ಪಡೆಯದವರಲ್ಲಿ ೨೩.೫. ಪ್ರಯೋಜನ ಸ್ಪಷ್ಟವಾದುದರಿಂದ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು.

ಈ ಸರಪಳಿಯ ಸ್ವಾರಸ್ಯವನ್ನು ನೋಡಿ. ಬೆಳಗಾವಿಯ ಎರಡು ಪ್ರಯೋಗಗಳೂ ‘ಸ್ಟೆರಾಯ್ಡ್ ಕೆಲಸ ಮಾಡುತ್ತದೆಯೇ?’ ಎಂಬ ಹಳೆಯ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ‘ಎಲ್ಲಿ, ಯಾರಿಗೆ, ಯಾವ ಆರೈಕೆಯ ನಡುವೆ?’ ಎಂದು ಕೇಳಿದವು. ಹಳೆಯ ಉತ್ತರದ ಅಂಚು ಎಲ್ಲಿದೆಯೆಂದು ತಿಳಿದಿದ್ದರಿಂದಲೇ ಅವು ಆ ಅಂಚಿನಿಂದ ಹೊರಡಲು ಸಾಧ್ಯವಾಯಿತು. ಭಾಲ್ಕಿಯ ಅಥವಾ ಔರಾದದ ಹೆರಿಗೆ ಕೋಣೆಯಲ್ಲಿ ಆ ಚುಚ್ಚುಮದ್ದನ್ನು ಕೈಗೆತ್ತಿಕೊಳ್ಳುವ ವೈದ್ಯರಿಗೆ ಬೇಕಾದುದು ಈ ಅಂಚಿನ ಜ್ಞಾನವೇ.

ಹೊಸ ಅಧ್ಯಯನವನ್ನು ಹೂಡುವ ಬಗೆ

ಈಗ ಅನೇಕ ದೇಶಗಳಲ್ಲಿ ಸಂಶೋಧನೆಗೆ ಹಣ ಕೊಡುವವರು ‘ಮೊದಲು ಪರಾಮರ್ಶೆಯನ್ನು ತೋರಿಸಿ’ ಎನ್ನುತ್ತಾರೆ. ಇದನ್ನೇ ಗುರಿಯಾಗಿಟ್ಟುಕೊಂಡು ೨೦೧೪ರಲ್ಲಿ ನಾರ್ವೆಯ ಬರ್ಗೆನ್ ನಗರದಲ್ಲಿ ವಿಜ್ಞಾನಿಗಳ ಒಂದು ಕೂಟವೂ ಹುಟ್ಟಿತು. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ೨೦೧೭ರಲ್ಲಿ ಪ್ರಕಟಿಸಿದ ನೈತಿಕ ಸೂತ್ರಗಳಲ್ಲಿ ‘ಅವಶ್ಯಕತೆಯ ತತ್ತ್ವ’ವೂ ಸೇರಿದೆ. ಈಗಾಗಲೇ ಇರುವ ಜ್ಞಾನವನ್ನು ಪರಿಶೀಲಿಸಿದ ಮೇಲೆ, ಮನುಷ್ಯರನ್ನು ಪ್ರಯೋಗಕ್ಕೆ ಒಳಪಡಿಸುವುದು ಅನಿವಾರ್ಯವೆಂದು ಕಂಡರೆ ಮಾತ್ರ ಮುಂದುವರಿಯಬೇಕೆಂಬುದು ಅದರ ಸಾರ.

ಪರಾಮರ್ಶೆಯಿಂದ ಯೋಜನೆಗೆ ನಾಲ್ಕು ಬಗೆಯ ನೆರವು ದೊರೆಯುತ್ತದೆ. ಅಧ್ಯಯನ ಬೇಕೇ ಬೇಡವೇ ಎಂಬುದು ಮೊದಲನೆಯದು. ಬೇಕಾದರೆ ಎಷ್ಟು ಜನರಲ್ಲಿ ನಡೆಸಬೇಕೆಂಬುದು ಎರಡನೆಯದು. ಹಿಂದೆ ಕಂಡ ಪರಿಣಾಮ ಎಷ್ಟು ದೊಡ್ಡದು, ಅಂಕಿಗಳು ಎಷ್ಟು ಚದರಿದ್ದವು ಎಂಬುದು ತಿಳಿಯದೆ ಈ ಲೆಕ್ಕ ಸಾಧ್ಯವಿಲ್ಲ. ಏನನ್ನು ಅಳೆಯಬೇಕೆಂಬುದು ಮೂರನೆಯದು. ಎಲ್ಲರೂ ಒಂದೇ ಬಗೆಯಾಗಿ ಅಳೆದರೆ ನಾಳೆ ಕೂಡಿಸುವವನಿಗೆ ಅನುಕೂಲ. ಹಿಂದಿನವರು ಎಲ್ಲಿ ಎಡವಿದರೆಂಬುದು ನಾಲ್ಕನೆಯದು. ಅದೇ ಕಲ್ಲಿಗೆ ನಾವೂ ಎಡವಬೇಕಾಗಿಲ್ಲ.

ಆದರೆ ಪರಾಮರ್ಶೆಯನ್ನು ದೇವರ ಮಾತೆಂದು ತಿಳಿಯಬಾರದು. ‘ಗುಣ ಕಂಡಿತು’ ಎಂಬ ಪ್ರಯೋಗ ಬೇಗನೆ ಅಚ್ಚಾಗುತ್ತದೆ. ‘ಏನೂ ಕಾಣಲಿಲ್ಲ’ ಎಂಬುದು ಮೇಜಿನ ಒಳಗೆ ಧೂಳು ತಿನ್ನುತ್ತದೆ. ಅಚ್ಚಾದುದನ್ನಷ್ಟೇ ಕೂಡಿಸಿದರೆ ಮೊತ್ತವೂ ವಾಲುತ್ತದೆ. ಇದನ್ನು ತಡೆಯಲೆಂದೇ ಪ್ರಯೋಗಗಳನ್ನು ಆರಂಭಕ್ಕೆ ಮೊದಲೇ ನೋಂದಾಯಿಸುವ ಪದ್ಧತಿ ಬಂದಿದೆ. ಭಾರತದಲ್ಲಿ ಇಂಥ ನೋಂದಣಿ ೨೦೦೭ರಲ್ಲಿ ಪ್ರಾರಂಭವಾಗಿ ೨೦೦೯ರಲ್ಲಿ ಕಡ್ಡಾಯವಾಯಿತು. ಇನ್ನೊಂದು ಮಿತಿಯೆಂದರೆ, ಕೆಟ್ಟ ಅಳತೆಗಳನ್ನು ಎಷ್ಟು ಕೂಡಿಸಿದರೂ ಒಳ್ಳೆಯ ಅಳತೆಯಾಗದು. ತೊಗರಿಯಲ್ಲಿ ಕಲ್ಲಿದ್ದರೆ ಚೀಲ ಹೆಚ್ಚಾದಷ್ಟೂ ಕಲ್ಲೂ ಹೆಚ್ಚು.

ಭಾಲ್ಕಿಯಿಂದ ರೈಲಿನಲ್ಲಿ ಬಂದು ಹೋಗುವ ವಿದ್ಯಾರ್ಥಿಯೊಬ್ಬ ಒಮ್ಮೆ ನನ್ನನ್ನು ಕೇಳಿದ: “ಸರ್, ಎಲ್ಲಾ ಓದಿ ಮುಗಿಸಿದ ಮ್ಯಾಲ ನಮಗ ಮಾಡಾಕ ಏನರ ಉಳೀತದೇನ್ರಿ?” ಬೀದರ ಕೋಟೆಯ ಮಣ್ಣು ಬಿದ್ರಿ ಪಾತ್ರೆಯನ್ನು ಕಪ್ಪಾಗಿಸುವುದೇಕೆಂದು ಕಂಡುಹಿಡಿಯಬೇಕೆಂಬುದು ಅವನ ಹಂಬಲ. ಮೊದಲು ಹುಡುಕು ಎಂದೆ. ಹುಡುಕಿದ. ಈ ಕಸುಬನ್ನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲೇ ಬೆಂಜಮಿನ್ ಹೈನ್ ಎಂಬ ವೈದ್ಯ ವರ್ಣಿಸಿದ್ದ. ಸೂಸನ್ ಲಾ ನೀಸ್ ಮತ್ತು ಗ್ರಹಾಂ ಮಾರ್ಟಿನ್ ೧೯೮೭ರಲ್ಲಿ ಹಳೆಯ ಬಿದ್ರಿ ವಸ್ತುಗಳ ಲೋಹವನ್ನು ಪರೀಕ್ಷಿಸಿ ವರದಿ ಮಾಡಿದ್ದರು: ಲೋಹ ಬಹುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ, ಆ ಕಪ್ಪು ಮೂಡುವುದಕ್ಕೆ ತಾಮ್ರ ಬೇಕು. ನವಸಾಗರ ಬೆರೆತ ಮಣ್ಣಿನ ಸರಿಯಲ್ಲಿ ಲೋಹ ಕಪ್ಪಾದರೂ ಒಳಗೆ ಕೂರಿಸಿದ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಇಷ್ಟು ತಿಳಿದ ಮೇಲೆ ಅವನ ಪ್ರಶ್ನೆ ಚಿಕ್ಕದಾಯಿತು, ಹರಿತವೂ ಆಯಿತು: ತಾಮ್ರದ ಪಾಲನ್ನು ಹಂತ ಹಂತವಾಗಿ ಬದಲಿಸಿದರೆ ಕಪ್ಪು ಮೈ ಹಿಂದಿರುಗಿಸುವ ಬೆಳಕು ಹೇಗೆ ಬದಲಾಗುತ್ತದೆ? ಬೆಳಕನ್ನು ಅಳೆಯುವ ಉಪಕರಣ ನಮ್ಮಲ್ಲಿ ಇದ್ದೇ ಇತ್ತು. ಓದಿದ್ದರಿಂದ ಮಾಡುವ ಕೆಲಸ ಕರಗಲಿಲ್ಲ, ಕೈಗೆಟುಕುವಂತಾಯಿತು.

ಮತ್ತೆ ಆ ಬಾವಿಗೆ

ಇನ್ನು ಔರಾದ ತಾಲ್ಲೂಕಿನ ಬಾವಿಯ ಕಥೆ. ಆ ದಿನ ನಾವು ನೀರು ತೆಗೆಯಲಿಲ್ಲ. ಖಾಲಿ ಸೀಸೆಗಳೊಡನೆ ಬೀದರಕ್ಕೆ ಹಿಂತಿರುಗಿದೆವು. ಬಸ್ಸಿನಲ್ಲಿ ಯಾರೂ ಹೆಚ್ಚು 
ಮಾತಾಡಲಿಲ್ಲ. ಮುಂದಿನ ಕೆಲವು ತಿಂಗಳು ಹುಡುಗರು ಓದಿದರು. ಕೇಂದ್ರ ಅಂತರ್ಜಲ ಮಂಡಳಿ ಬೀದರ ಜಿಲ್ಲೆಯ ಬಗ್ಗೆ ಪ್ರಕಟಿಸಿದ ಪುಸ್ತಿಕೆಯಿಂದ ಹಿಡಿದು ಕೈಗೆ ಸಿಕ್ಕ ಪ್ರಬಂಧಗಳ ವರೆಗೆ ಎಲ್ಲವನ್ನೂ ಒಂದು ದೊಡ್ಡ ಹಾಳೆಯ ಮೇಲೆ ಪಟ್ಟಿ ಮಾಡಿದರು: ಯಾವ ಊರು, ಯಾವ ಬಾವಿ, ಯಾವ ತಿಂಗಳು, ಯಾವ ವಿಧಾನ, ಎಷ್ಟು ನೈಟ್ರೇಟು. ಇಬ್ಬಿಬ್ಬರು ಬೇರೆ ಬೇರೆಯಾಗಿ ತುಂಬಿ ತಾಳೆ ನೋಡಿದರು.

ಕುಡಿಯುವ ನೀರಿನ ಭಾರತೀಯ ಮಾನಕದಂತೆ ಲೀಟರಿಗೆ ೪೫ ಮಿಲಿಗ್ರಾಮಿಗಿಂತ ಹೆಚ್ಚು ನೈಟ್ರೇಟು ಇರಬಾರದು. ಹೆಚ್ಚಾದರೆ ಮುಖ್ಯವಾಗಿ ಎಳೆಗೂಸುಗಳಿಗೆ ಅಪಾಯ. ರಕ್ತ ಆಮ್ಲಜನಕವನ್ನು ಸಾಗಿಸಲಾರದೆ ಮೈ ನೀಲಿಗಟ್ಟುತ್ತದೆ. ನೀರನ್ನು ಕಾಯಿಸಿದರೆ ನೈಟ್ರೇಟು ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನಷ್ಟು ಸಾಂದ್ರವಾಗುತ್ತದೆ. ತಿಪ್ಪೆ, ಬಚ್ಚಲು, ರಸಗೊಬ್ಬರಗಳಿಂದ ಮಳೆಯ ನೀರಿನೊಡನೆ ಅದು ಕೆಳಗಿಳಿಯುತ್ತದೆ. ಆದರೆ ಪಟ್ಟಿಯನ್ನು ನೋಡಿದಾಗ ಹುಡುಗಿಯೊಬ್ಬಳು ಒಂದು ಸಂಗತಿಯನ್ನು ಗಮನಿಸಿದಳು. ಮಂಡಳಿಯವರು ನೀರಿನ ಮಟ್ಟವನ್ನು ವರ್ಷಕ್ಕೆ ನಾಲ್ಕು ಸಲ ನೋಡುತ್ತ ಬಂದಿದ್ದರೂ, ರಾಸಾಯನಿಕ ಪರೀಕ್ಷೆಗೆ ಹಲವು ವರ್ಷ ನೀರು ತೆಗೆದುದು ಮುಂಗಾರಿಗೆ ಮುನ್ನ ಒಂದೇ ಸಲ. ಅದೇ ಬಾವಿಯಲ್ಲಿ ಮಳೆ ಬಿದ್ದ ಮೇಲೆ ತಿಂಗಳಿಂದ ತಿಂಗಳಿಗೆ ಏನಾಗುತ್ತದೆಂಬುದು ನಮ್ಮ ಹಾಳೆಯಲ್ಲಿ ಖಾಲಿಯಾಗಿತ್ತು. ನಾವು ಮೊದಲು ಹೊರಟಿದ್ದುದು ಮೂವತ್ತು ಬಾವಿಗಳಿಂದ ಒಂದೊಂದು ಸೀಸೆ ತರಲು. ಈಗ ಮೂರೇ ಬಾವಿಗಳನ್ನು ಆರಿಸಿ, ಜೂನಿನಿಂದ ಜನವರಿಯ ವರೆಗೆ ತಿಂಗಳಿಗೆ ಎರಡು ಸಲ ತರುವುದೆಂದು ನಿರ್ಧರಿಸಿದೆವು.

ಮತ್ತೆ ಆ ಹಳ್ಳಿಗೆ ಹೋದಾಗ ಸೀಸೆಗಳಿಗೆ ಮೊದಲು ಒಂದು ಹಾಳೆಯನ್ನು ಕೈಯಲ್ಲಿ ಹಿಡಿದಿದ್ದೆವು. ಸುತ್ತಿನ ಊರುಗಳ ನೀರಿನ ಬಗ್ಗೆ ಈ ವರೆಗೆ ತಿಳಿದಿರುವುದೇನು, ತಿಳಿಯದಿರುವುದೇನು ಎಂಬುದನ್ನು ಅದರಲ್ಲಿ ಸರಳ ಕನ್ನಡದಲ್ಲಿ ಬರೆದಿತ್ತು. ಹುಡುಗಿ ಕಟ್ಟೆಯ ಮೇಲೆ ಕುಳಿತು ಅದನ್ನು ಗಟ್ಟಿಯಾಗಿ ಓದಿದಳು. ಮುದುಕಿ ಕೊನೆಯ ವರೆಗೂ ಕೇಳಿದಳು. ಕಾಯಿಸಿದರೂ ಹೋಗುವುದಿಲ್ಲವೆಂಬ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಕೂಸಿಗೆ ಬೇರೆ ನೀರು ತರುವುದು ಎಲ್ಲಿಂದ ಎಂದು ಕೇಳಿದಳು. ನಾವು ಅದನ್ನು ಊರಿನವರೊಡನೆ ಕುಳಿತು ಮಾತಾಡಿದೆವು.

“ಆಯಿ, ಈಗ ನೀರು ತೆಗೆದುಕೊಳ್ಳಲೇ?” ಎಂದು ನಾನು ಕೇಳಿದೆ.

“ಒಯ್ರಿ. ಹೊಳ್ಳಿ ಯಾವಾಗ ಬರ್ತೀರಿ?” ಎಂದಳು.

ಹದಿನೈದು ದಿನಕ್ಕೆ ಎಂದೆ. ಹದಿನೈದನೆಯ ದಿನ ನಾವು ಹೋಗುವ ಹೊತ್ತಿಗೆ ಅವಳು ಕಟ್ಟೆಯ ಮೇಲೆ ಕುಳಿತಿದ್ದಳು.